ಮದುವೆ ಡ್ರೋನಿನಲ್ಲಿ ದಿವಾಕರನ ದನಿ

ದಿವಾಕರನ ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆಯೂ ಶಾರ್ಕುಗಳು ಎಂದಿನಂತೆ ಕಡಲಲ್ಲಿ ಮುಳುಗಿದ ಮಲ್ಪೆಯ ಪೇಟೆಬೀದಿಗೆ ಜೋಡಿ ಹುಡುಕಿಕೊಂಡು ಬಂದವು. ಶಾರ್ಕುಗಳಲ್ಲಿ ಗಂಡು ಹೆಣ್ಣನ್ನು ಕಚ್ಚಿ ಹಿಡಿದೇ ಕೂಡುವುದು; ಅದರ ಮೇಲಿನ ಗಂಡನ ಅಧ್ಯಯನ ಅರ್ಧಕ್ಕೇ ನಿಂತಿದ್ದರಿಂದ ವಾರಿಜಾ ಮಹಡಿಯ ಕಿಟಕಿಯಿಂದ ಡ್ರೋನ್ ಹಾರಿಸಿದಳು. ಕಂಡದ್ದನ್ನೆಲ್ಲ ಹೇಳಲು ದಿವಾಕರ ಅದಕ್ಕೆ ತನ್ನದೇ ದನಿ ಕೊಟ್ಟಿದ್ದ.

"ಗಂಡು ಹಿಂದೆ ಬಿದ್ದ. ಹೆಣ್ಣು ತಿರುಗಿಯೂ ನೋಡಲಿಲ್ಲ. ಓಹೋ, ಕಚ್ಚಿದ! ಅವಳಿಗೂ ಒಪ್ಪಿಗೆ."

ಡ್ರೋನ್ ಮರಳುವಷ್ಟರಲ್ಲಿ ಮದುವೆ ಫೋಟೋಗ್ರಾಫರ್ ರಮಾನಂದ ಕಿಟಕಿಯ ಬಳಿ ದೋಣಿ ನಿಲ್ಲಿಸಿದ. ಡ್ರೋನ್ ಅವನದು, ದಿವಾಕರ ಎರಡು ದಿನಕ್ಕೆಂದು ಕೇಳಿ ತಂದಿದ್ದ.

"ಅಕ್ಕ, ಇವತ್ತು ನಂಗೊಂದು ಮದುವೆ ಉಂಟು. ಆ ದನಿ ಅಳಿಸಿ ಕೊಡಿ. ಧಾರೆ ಹೊತ್ತಿಗೆ ಕಚ್ಚಿದ ಅಂತ ಕೂಗಿದ್ರೆ ಮದುಮಗಳು ಮಂಟಪ ಇಳಿದು ಓಡ್ತಾಳೆ ಮಾರಾಯ್ರೆ."

"ಅದೊಂದು ನನ್ನ ಕೈಲಿ ಆಗುದಿಲ್ಲ, ರಮಾನಂದ."

ಅವನು ತಲೆ ಕೆರೆದುಕೊಂಡ. "ಹೋಗ್ಲಿ, ಅದರ ಬಾಯಿಗೆ ಟೇಪ್ ಹಚ್ತೇನೆ. ಮದುವೆ ಇಲ್ಲದ ದಿನ ಬಂದು ದನಿ ಕೇಳಿಕೊಂಡು ಹೋಗಿ."

ವಾರಿಜಾ ಡ್ರೋನ್ ಚಾಚಿದಳು. ಅವನು ಹಿಡಿದುಕೊಂಡ.

"ಗಂಡು ಎಳೆಯುತ್ತಿದ್ದಾನೆ," ಎಂದಿತು ಅದು. "ಹೆಣ್ಣು ಬಿಡುತ್ತಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ವಾರಿಜಾ ಕೈ ಬಿಟ್ಟಳು.