ಮದ್ದಿನ ಬದಲು ಗುರೆಳ್ಳು

ಕಾಡತೂಸಿನಿಂದ ಗುರೆಳ್ಳಿನ ವಾಸನೆ ಬರುತ್ತಿತ್ತು.

ರತ್ನಾ ಅದನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದಳು. ಬೇಸ್‌ಮೆಂಟಿನ ಮೇಜಿನ ಮೇಲೆ ಚೂರು ಕರಿಪುಡಿ ಚೆಲ್ಲಿತ್ತು. ಬೆರಳಿಗೆ ಹಚ್ಚಿ ಉಜ್ಜಿ ನೋಡಿದಳು. ಎಣ್ಣೆಪಸೆ, ಬೆಳ್ಳುಳ್ಳಿ, ಖಾರ. ಅವಳು ಮೊನ್ನೆ ತಾನೇ ಕುಟ್ಟಿಟ್ಟ ಚಟ್ನಿಪುಡಿ. ಕರಿಮದ್ದಿನ ಡಬ್ಬಿ ಪಕ್ಕದಲ್ಲೇ ಇತ್ತು, ಮುಚ್ಚಳವನ್ನೂ ತೆಗೆದಿರಲಿಲ್ಲ.

ಮದ್ದು ತುಂಬಬೇಕಾದಲ್ಲಿ ಚಟ್ನಿಪುಡಿ ತುಂಬಿದ್ದಾರೆ. ಇವರು ಮತ್ತೆ ಮರೆತರು.

ಗಂಡ ಚನ್ನವೀರಪ್ಪ ಧಾರವಾಡದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಪರದೇಶದ ಸ್ಟ್ರೀಟ್ಸ್‌ವಿಲ್‌ನಲ್ಲಿದ್ದ ಮಗನ ಮನೆಗೆ ಬಂದ ಮೇಲೆ ಅವರ ಕೈಗೆ ಕೆಲಸ ಕೊಟ್ಟವನು ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯ ಲಾಯ್ಡ್ ಒಬ್ಬನೇ. ಲಾಯ್ಡ್‌ನ ಬಳಿ ಅವನ ಅಜ್ಜನ ಕಾಲದ ಬೇಟೆ ಬಂದೂಕಿತ್ತು. ಅದರ ಸೀಸದ ಗುಂಡಿಗೆ ತೆಳುವಾದ ಹಸಿ ಕಾಗದ ಸುತ್ತಿ, ಬುಡದಲ್ಲಿ ಬಾಲ ಹೊಸೆದು, ಒಣಗಿಸಿ, ಮದ್ದು ತುಂಬಿದ ಹಿತ್ತಾಳೆ ಕೊಳವೆಯ ಬಾಯಿಗೆ ಕೂರಿಸಬೇಕು. ಕಾಗದ ಕೂದಲೆಳೆಯಷ್ಟು ಸರಿದರೂ ಗುರಿ ಕೆಟ್ಟಂತೆಯೇ. ಲಾಯ್ಡ್‌ನ ಕೈ ನಡುಗತೊಡಗಿ ಕಾಗದ ಹರಿಯುತ್ತಿತ್ತು. ಬೇಲಿಯಾಚೆ ಚನ್ನವೀರಪ್ಪ ಪುಸ್ತಕಕ್ಕೆ ರಟ್ಟು ಹಾಕುವುದನ್ನು ಕಂಡವನೇ ಗುಂಡುಗಳ ಪೆಟ್ಟಿಗೆ ಹೊತ್ತು ಬಂದ. ಅಂದಿನಿಂದ ಪ್ರತಿ ಬೇಟೆಗಾಲದ ಮುಂಚೆ ಇಬ್ಬರು ಮುದುಕರೂ ಬೇಸ್‌ಮೆಂಟಿನಲ್ಲಿ ಕೂರುತ್ತಿದ್ದರು. ಒಬ್ಬನಿಗೆ ಕನ್ನಡ ಬಾರದು, ಇನ್ನೊಬ್ಬರದು ಹರಕುಮುರುಕು ಇಂಗ್ಲಿಷು. ಆದರೂ ಮಾತು ಮುಗಿಯುತ್ತಿರಲಿಲ್ಲ. ರತ್ನಾ ಚಹಾ ಕೊಡುವ ನೆಪದಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

ಈ ವರ್ಷ ಚನ್ನವೀರಪ್ಪನವರ ನೆನಪು ಕೈಕೊಡುತ್ತಿತ್ತು. ಚಹಾಪುಡಿ ಡಬ್ಬಿಗೆ ತೊಗರಿಬೇಳೆ ಸುರಿದರು. ಒಲೆ ಆರಿಸದೆ ಮಲಗಿದರು. ಹವಾಯಿ ಚಪ್ಪಲಿಯಲ್ಲೇ ನಡೆದುಹೋಗಿ ರೈಲು ಸ್ಟೇಷನ್ನಿನಲ್ಲಿ ಸಿಕ್ಕರು.

ಅವತ್ತು ಮಗ ನಿಜಗುಣ ಹೇಳಿದ್ದ: “ಅವ್ವಾ, ಇನ್ನೊಂದ ಸಲ ಹಿಂಗ ಆತಂದ್ರ ಅಪ್ಪನ್ನ ಓಲ್ಡ್ ಏಜ್ ಹೋಮ್‌ಗೆ ಸೇರಸೂದ. ನಾವಿಬ್ರೂ ಜಾಬ್‌ಗೆ ಹೋಗ್ತೀವಿ. ದಿನಾ ಯಾರು ಸೇಫ್ಟಿ ನೋಡ್ಕೋತಾರ?”

ಮಗ ಕೆಟ್ಟವನಲ್ಲ, ಹೆದರಿದ್ದ ಅಷ್ಟೇ. ಆದರೆ ಕನ್ನಡದ ಒಂದಕ್ಷರ ಕೇಳಿಸದ ಜಾಗದಲ್ಲಿ ಗಂಡನನ್ನು ಬಿಟ್ಟುಬರುವುದನ್ನು ನೆನೆದರೆ ರತ್ನಾಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅಂದಿನಿಂದ ಅವರ ಹಿಂದೆ ಹಿಂದೆಯೇ ತಿರುಗಿ ಅವರು ಕೆಡಿಸಿದ್ದನ್ನೆಲ್ಲ ಮುಚ್ಚಿಹಾಕುವುದೇ ಅವಳ ಕೆಲಸವಾಯಿತು.

ಇವತ್ತು ಬೆಳಿಗ್ಗೆಯಂತೂ ಚನ್ನವೀರಪ್ಪ ಫೋನು ಹಿಡಿದು ತಗ್ಗಿದ ದನಿಯಲ್ಲಿ ಇಂಗ್ಲಿಷು ಕೂಡಿಸಿ ಮಾತಾಡುತ್ತಿದ್ದರು. ಅವಳನ್ನು ಕಂಡದ್ದೇ ಇಟ್ಟುಬಿಟ್ಟರು.

“ಯಾರಿಗ್ರೀ?”

“ರಾಂಗ್ ನಂಬರ್.”

ತಾವೇ ನಂಬರು ತಪ್ಪಿ ಒತ್ತಿರಬೇಕು, ಪಾಪ. ಅವಳಿಗೆ ಅಳು ಬಂತು.

ಲಾಯ್ಡ್‌ಗೂ ಗಂಡನ ಮರೆವು ಗೊತ್ತಾಗಿದೆ ಎಂಬುದು ಅವಳ ಗುಮಾನಿ. ನಿನ್ನೆ ಬಂದಾಗ ಪೆಟ್ಟಿಗೆ ತಂದಿರಲಿಲ್ಲ, ಒಂದೇ ಒಂದು ಗುಂಡು ತಂದಿದ್ದ. “ಒನ್ ಈಸ್ ಇನಫ್, ಚನ್ನಾ,” ಎಂದಿದ್ದ. ಬೇಸಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡು ತಾನೇ ಸೊರಗಿದವನು, ಗೆಳೆಯನಿಗೆ ಕಷ್ಟ ಕೊಡಬಾರದೆಂದು ಕೆಲಸ ಕಡಿಮೆ ಮಾಡಿದ್ದಾನೆ. ಅಷ್ಟೇ ಅಲ್ಲ, ವರ್ಷಗಟ್ಟಲೆ ಹೋಳಿಗೆ, ಉಂಡಿ ತುಂಬಿ ಕಳಿಸಿದ್ದ ಅವಳ ಸ್ಟೀಲ್ ಡಬ್ಬಿಗಳನ್ನೆಲ್ಲ ತೊಳೆದು ಒಟ್ಟಿಗೇ ತಂದುಕೊಟ್ಟಿದ್ದ. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಅವನಿಗೆ ಕಲಿಸಿದ್ದವಳೂ ಅವಳೇ. ಒಂದೊಂದರಲ್ಲೂ ಅವನ ಹೆಂಡತಿಯ ಒಂದೊಂದು ಬೆಳ್ಳಿ ಚಮಚವಿತ್ತು. ಬೇಡವೆಂದರೂ ಕೇಳಲಿಲ್ಲ.

ಇಂಥವನ ಮುಂದೆ ಚಟ್ನಿಪುಡಿ ತುಂಬಿದ ಕಾಡತೂಸು! ಕಾಡಿನಲ್ಲಿ ಜಿಂಕೆ ಎದುರು ನಿಂತಾಗ ಬಂದೂಕು ಟಿಕ್ ಎಂದು ಸುಮ್ಮನಾಗುತ್ತದೆ. ಸುದ್ದಿ ಬೇಲಿ ದಾಟಿ ನಿಜಗುಣನ ಕಿವಿಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು.

ರತ್ನಾ ಗುಂಡನ್ನು ಮೆಲ್ಲಗೆ ಎಳೆದಳು. ಬೆರಳಲ್ಲಿ ಒತ್ತಿ ಕೂರಿಸಿದ್ದು, ಕಾಗದ ಸಮೇತ ಸಲೀಸಾಗಿ ಬಂತು. ಗುರೆಳ್ಳನ್ನು ಕಸದಬುಟ್ಟಿಗೆ ಸುರಿದು ಕೊಳವೆ ಒರೆಸಿದಳು. ಅಳತೆಯ ಚಮಚ ಅಲ್ಲೇ ಇತ್ತು. ಮದ್ದು ತುಂಬಿ, ರಟ್ಟಿನ ಬಿಲ್ಲೆ ಇಟ್ಟು, ಗುಂಡನ್ನು ಮೊದಲಿನಂತೆ ಕೂರಿಸಿದಳು. ಗಂಡನ ಮಾನ ಉಳಿಯಿತು ಎಂದು ಉಸಿರುಬಿಟ್ಟಳು.

ಆಗಲೇ ಬಾಗಿಲ ಬೆಲ್ ಆಯಿತು. ಲಾಯ್ಡ್. ನುಣ್ಣಗೆ ಗಡ್ಡ ಹೆರೆದುಕೊಂಡಿದ್ದ. ಚನ್ನವೀರಪ್ಪ ಮೇಲೆ ಮಲಗಿದ್ದರು, ಎಬ್ಬಿಸಲು ಹೋದವಳನ್ನು ಬೇಡವೆಂದು ತಡೆದ. ಅವಳೇ ಕಾಡತೂಸನ್ನು ಅವನ ಅಂಗೈಯಲ್ಲಿಟ್ಟಳು.

“ಚನ್ನಾ ಮೇಡ್ ಇಟ್?”

“ಯೆಸ್, ಯೆಸ್. ವೆರಿ ಗುಡ್.”

ಅವನು ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಆ ಕೈಗಳು ಇವತ್ತು ನಡುಗುತ್ತಿರಲಿಲ್ಲ. ಬೇಟೆಯ ಹುರುಪು ಎಂದುಕೊಂಡಳು. ಅವನ ಪಿಕಪ್ಪು ಕ್ವೀನ್ ಸ್ಟ್ರೀಟಿನ ಕಡೆ ತಿರುಗಿ ಮರೆಯಾಯಿತು.

ಚನ್ನವೀರಪ್ಪ ಎದ್ದು ಬಂದಾಗ ಸಂಜೆಯಾಗಿತ್ತು. “ಲಾಯ್ಡ್ ಬಂದಿದ್ದನೇನು?”

“ಬಂದಿದ್ರು. ಒಯ್ದ್ರು.” ರತ್ನಾ ಅವರ ತೋಳು ಸವರಿದಳು. “ನೀವೇನೂ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಮದ್ದು ಹಾಕೂದ ಮರ್ತು ಚಟ್ನಿಪುಡಿ ತುಂಬಿದ್ರಿ. ನಾ ಅದನ್ನ ತಗದು ಮದ್ದು ಹಾಕಿ ಕೊಟ್ಟೀನಿ. ನಿಜಗುಣಗ ಹೇಳೂದಿಲ್ಲ.”

ಚನ್ನವೀರಪ್ಪ ಫೋನಿನತ್ತ ಓಡಿದರು. ನಂಬರು ಒಂದಂಕಿಯೂ ತಪ್ಪಲಿಲ್ಲ. ಲಾಯ್ಡ್‌ನ ಮನೆಯಲ್ಲಿ ಫೋನು ರಿಂಗಾಗುವುದು ಇಬ್ಬರಿಗೂ ಗೋಡೆಯಾಚೆಯಿಂದ ಕೇಳಿಸಿತು. ಯಾರೂ ಎತ್ತಲಿಲ್ಲ. ಚನ್ನವೀರಪ್ಪ ಫೋನು ಕೆಳಗಿಟ್ಟರು.

“ಅಂವಾ ಬ್ಯಾಟಿಗೆ ಹೊಂಟಿದ್ದಿಲ್ಲ, ರತ್ನಾ. ಆ ಒಂದ ಗುಂಡು ತನಗನ ಅಂತ ತಂದಿದ್ದ. ಮುಂಜಾನೆ ಅವನ ಮಗಳಿಗೆ ಫೋನ್ ಮಾಡಿದ್ದೆ, ನಾಳೆ ಬರ್ತಾಳ. ಅಲ್ಲೀತನಕ ಆ ಗುಂಡು ಹಾರಬಾರದಂತ ನಾ ಬೇಕಂತನ ಚಟ್ನಿಪುಡಿ ತುಂಬಿದ್ದೆ.”