ಕಾರಣ ಬರೆಯಿರಿ

ಹಡಗು ಹತ್ತಿದ ಹತ್ತನೆಯ ಬೆಳಿಗ್ಗೆ, ಕೋಣೆ ಗುಡಿಸುವ ಮಾಲಿನಿ ಬಂದು ಬಾಗಿಲು ತಟ್ಟುವ ಹೊತ್ತಿಗೆ, ಕಮಲಾಕ್ಷಮ್ಮ ಎರಡೂ ಹಾಸಿಗೆ ಸರಿಮಾಡಿ, ಬೇಸಿನ್ ಒರೆಸಿ, ಕಮೋಡಿಗೂ ಬ್ರಷ್ ಹಾಕಿ ಮುಗಿಸಿದ್ದರು. ಸೊಂಟ ಹಿಡಿದುಕೊಂಡೇ ಬಾಗಿಲನ್ನು ಒಂದು ಗೇಣು ತೆರೆದು, ದಿನದ ಮಾತನ್ನೇ ಹೇಳಿದರು.

“ಎಲ್ಲಾ ಆಯ್ತು ಕಣಮ್ಮ. ನೀನು ಹೋಗು, ಸ್ವಲ್ಪ ಸುಧಾರಿಸ್ಕೊ.”

ಮಾಲಿನಿ ಹೋಗಲಿಲ್ಲ. ಕೆಲಸದ ಗಾಡಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿದಳು. “ಇವತ್ತು ಒಳಗೆ ಬಿಡ್ಲೇಬೇಕು ಅಮ್ಮ. ಏಳು ದಿನದಿಂದ ಈ ರೂಮಿನೋರು ಬೇಡ ಅಂತವ್ರೆ, ನೀನೇನ್ ತಪ್ಪು ಮಾಡ್ದೆ ಅಂತ ಸೂಪರ್‌ವೈಸರ್ ಕೇಳ್ತವ್ನೆ. ನಾಳೆಯಿಂದ ಕೆಳಗಡೆ ಲಾಂಡ್ರಿಗೆ ಹಾಕ್ತಾರಂತೆ. ಅಲ್ಲಿಗೆ ಹೋದೋರನ್ನ ಮುಂದಿನ ಸಲ ಹಡಗಿಗೆ ಕರೆಯಲ್ಲ. ಮೂರು ಕಾಂಟ್ರಾಕ್ಟ್ ಮುಗಿಸಿದೀನಿ, ಒಂದೇ ಒಂದು ಮಾತು ಬಂದಿಲ್ಲ ನನ್ನ ಮೇಲೆ.”

ಗುಬ್ಬಿಯ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಪಾಠ ಹೇಳಿ, ತುಮಕೂರಿನಲ್ಲಿ ಮನೆ ಕಟ್ಟಿ, ಅರವತ್ತೇಳನೆಯ ವಯಸ್ಸಿನಲ್ಲಿ ಗಂಡನ ಜೊತೆ ಸಮುದ್ರ ನೋಡಲು ಬಂದವರು ಕಮಲಾಕ್ಷಮ್ಮ. ಇಪ್ಪತ್ತೆಂಟು ದಿನದ ಯಾನ. ಊಟ ತಿಂಡಿ ಕೂತಲ್ಲಿಗೆ ಬರುತ್ತದೆ, ತಲೆ ಬಾಚಿಕೊಳ್ಳುವುದೊಂದು ಬಿಟ್ಟರೆ ಬೇರೆ ಕೆಲಸವಿಲ್ಲ. ಗಂಡ ಜಯರಾಮಯ್ಯ ಬೆಳಿಗ್ಗೆ ಎದ್ದು ಡೆಕ್ಕಿನಲ್ಲಿ ಹತ್ತು ಸುತ್ತು ಹಾಕಿ, ಹನ್ನೊಂದನೆಯ ಸುತ್ತಿಗೆ ಐಸ್‌ಕ್ರೀಂ ಕೌಂಟರಿನ ಮುಂದೆ ನಿಲ್ಲುತ್ತಾರೆ. ಇಂಥ ಸುಖದ ನಡುವೆಯೂ ಕುಣಿಗಲ್ಲಿನ ಈ ಹೆಣ್ಣುಮಗಳ ಶ್ರಮ ತಪ್ಪಿಸುತ್ತಿದ್ದೇನೆ ಎಂದು ಕಮಲಾಕ್ಷಮ್ಮನಿಗೆ ಬಹಳ ಹೆಮ್ಮೆಯಿತ್ತು. ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರೆ. ಇವರು ಊರಿನಲ್ಲಿದ್ದ ತಂಗಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದರು.

“ಅಯ್ಯೋ, ನಿನಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೇ! ನಮ್ಮ ಕಡೆ ಹುಡುಗಿ ಕೈಲಿ ನಮ್ಮ ಕಕ್ಕಸು ತೊಳೆಸ್ಲಾ?”

“ಮೊದಲ್ನೇ ದಿನ ತೊಳೆಸಿದ್ರಿ. ಟವೆಲ್ಲಲ್ಲಿ ಆನೆ ಮಾಡಿಟ್ಟಿದ್ದಕ್ಕೆ ಫೋಟೊ ತಕ್ಕೊಂಡ್ರಿ. ಎರಡ್ನೇ ದಿನ ಊರು ಕೇಳಿದ್ರಿ, ಕುಣಿಗಲ್ ಅಂದೆ. ಅವತ್ತೂ ತೊಳೆದೆ. ಹೊರಡೋವಾಗ, ಕುಣಿಗಲ್ಲಲ್ಲಿ ಯಾವ ಬೀದಿ ಅಂದ್ರಿ. ಊರಾಚೆ ಕಾಲೋನಿ ಅಂದೆ.” ಮಾಲಿನಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಟವೆಲ್ ಎಣಿಸಿ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು. “ಮೂರ್ನೇ ದಿನದಿಂದ ನೀವು ಒಳಗೆ ಬಿಡ್ಲಿಲ್ಲ.”

ಹಾಗಲ್ಲ ಎನ್ನಲು ಕಮಲಾಕ್ಷಮ್ಮ ಬಾಯಿ ತೆರೆದರು. ಆ ಎರಡನೆಯ ದಿನ ಮಾಲಿನಿ ಅತ್ತ ಹೋದದ್ದೇ ತಡ, ಮಂಚದ ಪಕ್ಕದಲ್ಲಿದ್ದ ದೇವರ ಸಂಪುಟವನ್ನು ಎತ್ತಿ ಲಾಕರಿನಲ್ಲಿಟ್ಟು ಬೀಗ ಹಾಕಿದ್ದು ನೆನಪಾಯಿತು. ಹಡಗು ಅಲ್ಲಾಡುತ್ತೆ, ಬಿದ್ದುಬಿಟ್ಟೀತು ಎಂದು ಗಂಡನಿಗೆ ಹೇಳಿದ್ದರು. ಸಮುದ್ರ ಅಂದು ಗುಬ್ಬಿಯ ಕೆರೆಯ ಹಾಗೆ ತಣ್ಣಗಿತ್ತು. ಶಾಲೆಯಲ್ಲಿ ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದೆ ಎಂದು ಅಂದುಕೊಂಡು ಬಂದಿದ್ದ ಹೆಂಗಸಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

“ಬಾ ಒಳಗೆ,” ಎಂದು ಬಾಗಿಲನ್ನು ಪೂರ್ತಿ ತೆರೆದರು.

ಮಾಲಿನಿ ಸುತ್ತ ಒಮ್ಮೆ ನೋಡಿದಳು. ತೊಳೆಯಲು ಏನೂ ಉಳಿದಿರಲಿಲ್ಲ. ಗಾಡಿಯಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು. “ಸರ್ವಿಸ್ ಯಾಕೆ ಬೇಡ ಅಂದ್ರಿ ಅಂತ ಕಾರಣ ಬರೆದು ಸೈನ್ ಹಾಕಿ ಅಮ್ಮ. ನನ್ನ ತಪ್ಪಿಲ್ಲ ಅಂತ ಗೊತ್ತಾದ್ರೆ ಈ ಫ್ಲೋರಲ್ಲೇ ಬಿಡ್ತಾರೆ.”

ಕಮಲಾಕ್ಷಮ್ಮ ಕನ್ನಡಕ ಏರಿಸಿಕೊಂಡು ಪೆನ್ನು ಹಿಡಿದರು. ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ, ಕಾರಣದ ಕಾಲಂ ಮೇಲೆ ನಿಂತೇ ಇತ್ತು.

“ಏನಂತ ಬರೀಲಿ?”

“ನಮ್ಮ ಊರ ಕಡೆ ಹುಡುಗಿ, ಕೆಲಸ ಮಾಡಿಸೋಕೆ ಪಾಪ ಅನ್ನಿಸ್ತು ಅಂತ ಬರೀರಿ. ಇಂಗ್ಲಿಷಲ್ಲಿ.”

ಬರೆದರು. ದುಂಡಗೆ, ಸಾಲು ತಪ್ಪದ ಅಕ್ಷರ. ಸಹಿ ಹಾಕಿ ಫಾರಂ ಕೊಡುವಾಗ ಕೇಳದೆ ಇರಲಾಗಲಿಲ್ಲ. “ಇದನ್ನ ನೀನು ನಂಬ್ತೀಯಾ ಮಾಲಿನಿ?”

ಮಾಲಿನಿ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಸುಕ್ಕಿಲ್ಲದೆ ಹಾಸಿದ್ದ ಹಾಸಿಗೆಯ ಬಟ್ಟೆಯನ್ನು ಒಂದೇ ಎಳೆತಕ್ಕೆ ಕಿತ್ತಳು.

“ನಾನು ನಂಬೋದು ಬೇಕಾಗಿಲ್ಲ ಬುಡಿ ಅಮ್ಮ. ಸೂಪರ್‌ವೈಸರ್ ನಂಬಿದ್ರೆ ಸಾಕು.”