ಅಡುಗೆಕಟ್ಟೆಯ ಮೇಲಿನ ಹಾಡು

ಒದ್ದೆ ಸೀಮೆಸುಣ್ಣದ ವಾಸನೆ ಬಂದರೆ ಇಂದಿಗೂ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ಕುಷಾಯಿಗೂಡದ ನಮ್ಮ ಸಂಗೀತದ ಅಕ್ಕೋರು ತಾವು ಕಟ್ಟುತ್ತಿದ್ದ ಹಾಡಿನ ಸ್ವರಗಳನ್ನು ಅಡುಗೆಮನೆಯ ಕರಿ ಕಡಪಾ ಕಲ್ಲಿನ ಕಟ್ಟೆಯ ಮೇಲೆಯೇ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ವಾರವಿಡೀ ನನ್ನಿಂದ ಹಾಡಿಸಿ ತಿದ್ದಿದ್ದ ಹೊಸ ಹಾಡನ್ನು, ಒಂದು ಮಧ್ಯಾಹ್ನ ಕಟ್ಟೆ ಹೊಲಸಾಗಿದೆಯೆಂದು ನಾನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ.

ಅಕ್ಕೋರು ಬರಿಗಟ್ಟೆಯನ್ನು ನೋಡಿದರು. ಸೀಮೆಸುಣ್ಣ ಕೈಗೆತ್ತಿಕೊಂಡರು.

"ಅಳಬ್ಯಾಡ. ನೀ ಹಾಡು, ನಾ ಬರೀತೀನಿ."

ತಪ್ಪಿದಲ್ಲೆಲ್ಲ ಮತ್ತೆ ಮೊದಲಿನಿಂದ ಹಾಡಿಸಿದರು. ನನ್ನ ಗಂಟಲು ಒಣಗಿತು, ಅವರ ಬೆರಳು ಬೆಳ್ಳಗಾದವು. ಸಂಜೆಯ ಹೊತ್ತಿಗೆ ಕಟ್ಟೆ ತುಂಬಿತು. ಒಂದು ಸ್ವರವೂ ಬಿಟ್ಟಿರಲಿಲ್ಲ.

ಅದೇ ಒದ್ದೆ ಬಟ್ಟೆಯನ್ನು ನನ್ನ ಕೈಗಿಟ್ಟರು.

"ಈಗ ಒರಸು."

ನಾನು ಅಲುಗಾಡಲಿಲ್ಲ.

"ಒರಸವ್ವಾ, ರೊಟ್ಟಿ ಬಡೀಬೇಕು."